ಅಪ್ಪನ ಹೆಸರಲ್ಲಿ ಕರೆಂಟು

ನನ್ನ ಭಾವನಿಗೆ, ಅಂದರೆ ಗಂಡನ ಅಣ್ಣನಿಗೆ, ಫ್ರಾನ್ಸಿನಲ್ಲಿ ಮನೆ ಕೊಳ್ಳುವ ಹುಚ್ಚು ಹಿಡಿದದ್ದು ಟೀವಿ ನೋಡಿ. ಆ ವರ್ಷಗಳಲ್ಲಿ ಇಂಗ್ಲೆಂಡಿನ ಟೀವಿಯಲ್ಲಿ ಯಾವ ಚಾನೆಲ್ ಹಾಕಿದರೂ ಯಾರೋ ಗಂಡ ಹೆಂಡತಿ ಫ್ರಾನ್ಸಿನ ಹಳ್ಳಿಯಲ್ಲಿ ಹಳೇ ಕಲ್ಲಿನ ಮನೆ ಹುಡುಕುತ್ತಾ ತಿರುಗುತ್ತಿದ್ದರು. ಲೀಡ್ಸ್‌ನ ತಮ್ಮ ಸೋಫಾದಲ್ಲಿ ಕೂತು ಅದನ್ನು ನೋಡಿ ನೋಡಿ, ಒಂದು ಭಾನುವಾರ ಭಾವ ನಮ್ಮ ಮನೆಗೆ ಫೋನ್ ಮಾಡಿ, "ನಾವಿಬ್ರೂ ಸೇರಿ ಒಂದು ತಗೊಳ್ಳೋಣ" ಎಂದು ತಮ್ಮನಿಗೆ ಹೇಳಿದರು. ಕೇಳಲಿಲ್ಲ, ಹೇಳಿದರು. ನನ್ನ ಗಂಡ "ಆಯ್ತಣ್ಣ" ಎಂದರು. ಮದುವೆಯಾದ ಮೇಲೆ ಅವರ ಬಾಯಲ್ಲಿ ನಾನು ಅತಿ ಹೆಚ್ಚು ಸಲ ಕೇಳಿರುವ ಮಾತು ಅದೇ.

ಅದು ಎರಡು ಸಾವಿರದ ಐದನೇ ಇಸವಿ. ನಾವು ಮ್ಯಾಂಚೆಸ್ಟರಿನ ವಿದನ್‌ಶಾದಲ್ಲಿದ್ದೆವು. ನಾನು ಅಲ್ಲಿಯ ದೊಡ್ಡಾಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುತ್ತಿದ್ದೆ. ಬೇಸಿಗೆ ಮುಗಿಯುವುದರೊಳಗೆ ಫ್ರಾನ್ಸಿನ ವಾಯವ್ಯ ಮೂಲೆಯ ಬ್ರಿಟನಿ ಪ್ರಾಂತ್ಯದ ಒಂದು ಹಳ್ಳಿಯಲ್ಲಿ ಮನೆ ಗೊತ್ತಾಯಿತು, ಅಣ್ಣತಮ್ಮಂದಿರ ಹೆಸರಿನಲ್ಲಿ ಪತ್ರವೂ ಆಯಿತು. ಆಮೇಲೆ ಭಾವ ಲೀಡ್ಸ್‌ನ ತಮ್ಮ ಊಟದ ಮೇಜಿನಲ್ಲಿ ಕೂತು ಕೆಲಸ ಹಂಚಿದರು. ಮನೆ ರಿಪೇರಿಯ ಮೇಲ್ವಿಚಾರಣೆ ಅವರದು. ಸಾಮಾನು ಸಾಗಿಸುವುದು ನನ್ನ ಗಂಡನದು. ಪರದೆ, ಪಾತ್ರೆ ನನ್ನ ಓರಗಿತ್ತಿಯದು. ಕೊನೆಗೆ ನನ್ನ ಕಡೆ ನೋಡದೆಯೇ, "ಕರೆಂಟು, ನೀರು, ಫೋನು, ಟೀವಿ, ಆ ಕ್ಲರ್ಕ್ ಕೆಲಸ ಎಲ್ಲ ಇವಳು ನೋಡ್ಕೊಳ್ಳಲಿ. ಫ್ರೆಂಚ್ ಬರುತ್ತಲ್ಲ" ಎಂದರು.

ನನ್ನ ಫ್ರೆಂಚು ಮೈಸೂರಿನ ಪಿಯುಸಿ ಫ್ರೆಂಚು. ಭಾಷೆಯ ಪ್ರೀತಿಗೆ ಕಲಿತದ್ದಲ್ಲ. ಸಂಸ್ಕೃತಕ್ಕಿಂತ ಫ್ರೆಂಚಿನಲ್ಲಿ ಮಾರ್ಕ್ಸ್ ಜಾಸ್ತಿ ಬರುತ್ತದೆ ಎಂದು ಆ ಕಾಲದಲ್ಲಿ ಅರ್ಧ ಕಾಲೇಜು ಅದನ್ನೇ ತೆಗೆದುಕೊಳ್ಳುತ್ತಿತ್ತು. ಅಪ್ಪ ಫಾರಂಗೆ ಸಹಿ ಹಾಕುತ್ತಾ, "ಮುಂದೆ ಯಾರ ಹತ್ರ ಮಾತಾಡ್ತೀಯಮ್ಮ ಇದನ್ನ?" ಎಂದು ನಕ್ಕಿದ್ದರು. ತೊಂಬತ್ತಾರು ಮಾರ್ಕ್ಸ್ ಬಂತು. ಅಜ್ಜಿಯ ಛತ್ರಿ ಎಲ್ಲಿದೆ ಎಂದು ನಾನು ಇವತ್ತಿಗೂ ತಪ್ಪಿಲ್ಲದೆ ಫ್ರೆಂಚಿನಲ್ಲಿ ಕೇಳಬಲ್ಲೆ.

ಭಾವ ಆ ಕೆಲಸವನ್ನು ನನ್ನ ತಲೆಗೆ ಕಟ್ಟಿದಾಗ ನಾನೂ ಆಯ್ತು ಭಾವ ಎಂದೆ. ಕಾರಿನಲ್ಲಿ ಮ್ಯಾಂಚೆಸ್ಟರಿಗೆ ಹಿಂತಿರುಗುವಾಗ ಗಂಡ, "ಬೇಜಾರಾಯ್ತಾ?" ಎಂದು ಕೇಳಿದರು. ಇಲ್ಲ ಎಂದೆ. ನಿಜವಾಗಿಯೂ ಬೇಜಾರಾಗಿರಲಿಲ್ಲ. ಏಳು ವರ್ಷದಿಂದ ನಾನು ಕಾಯುತ್ತಿದ್ದದ್ದನ್ನು ಆ ಮನುಷ್ಯ ತಾವಾಗಿಯೇ ತಟ್ಟೆಯಲ್ಲಿಟ್ಟು ಕೊಟ್ಟಿದ್ದರು.

ಏಳು ವರ್ಷದ ಹಿಂದಿನ ಕಥೆ ಹೇಳಬೇಕು. ತೊಂಬತ್ತೆಂಟರಲ್ಲಿ ನಾನು ಮದುವೆಯಾಗಿ ಈ ದೇಶಕ್ಕೆ ಬಂದಾಗ ಗಂಡನಿಗೆ ಹಡರ್ಸ್‌ಫೀಲ್ಡಿನ ಒಂದು ಕಾರ್ಖಾನೆಯಲ್ಲಿ ಕೆಲಸ. ಸ್ವಂತ ಮನೆ ಮಾಡುವ ತನಕ ಎಂದು ಲೀಡ್ಸ್‌ನಲ್ಲಿ ಭಾವನ ಮನೆಯಲ್ಲಿ ಎಂಟು ತಿಂಗಳು ಇದ್ದೆವು. ಬಂದ ಮೂರನೇ ದಿನ ಜಿಪಿಯ, ಅಂದರೆ ಬಡಾವಣೆಯ ಡಾಕ್ಟರ, ಹತ್ತಿರ ಹೆಸರು ಬರೆಸಲು ಹೋದೆವು. ನಮ್ಮ ಕಡೆ ಎಲ್ಲರಿಗೂ ಮನೆತನದ ಹೆಸರು ಎಂದು ಇರುವುದಿಲ್ಲ. ನನಗಿದ್ದದ್ದು ನನ್ನ ಹೆಸರು, ಜೊತೆಗೊಂದು ಇನಿಷಿಯಲ್ಲು, ಆ ಇನಿಷಿಯಲ್ಲು ನನ್ನ ಅಪ್ಪ. ಪಾಸ್‌ಪೋರ್ಟಿಗೆ ಬರೆಯುವಾಗ ಇನಿಷಿಯಲ್ ಸಾಲದು, ಬಿಡಿಸಿ ಬರೆಯಿರಿ ಎಂದಿದ್ದರಿಂದ ಸರ್‌ನೇಮ್ ಎಂಬ ಜಾಗದಲ್ಲಿ ಅಪ್ಪನ ಪೂರ್ತಿ ಹೆಸರು ಬಂದು ಕೂತಿತ್ತು. ಜಿಪಿಯ ಫಾರಂನಲ್ಲೂ ನಾನು ಹಾಗೆಯೇ ಬರೆದೆ. ಭಾವ ಅದನ್ನು ನನ್ನ ಕೈಯಿಂದ ತೆಗೆದುಕೊಂಡು, ಅಪ್ಪನ ಹೆಸರಿನ ಮೇಲೆ ಎರಡು ಗೆರೆ ಎಳೆದು, ತಮ್ಮ ಮನೆತನದ ಹೆಸರು ಬರೆದರು.

"ಇಲ್ಲಿ ಅದೆಲ್ಲ ನಡೆಯಲ್ಲ. ಅಪ್ಪನ ಹೆಸರು ಹೇಳ್ಕೊಂಡು ಓಡಾಡಿದ್ರೆ ಗಂಡ ಬಿಟ್ಟೋಳು ಅನ್ಕೋತಾರೆ" ಎಂದರು.

ರಿಸೆಪ್ಶನ್ನಿನವಳು ನಮ್ಮ ಮುಖ ನೋಡುತ್ತಿದ್ದಳು. ನಾನು ತಲೆ ತಗ್ಗಿಸಿ ನಿಂತಿದ್ದೆ.

ಅದನ್ನಾದರೂ ಮರೆಯಬಹುದಿತ್ತು. ಅವರ ಮನೆಯಲ್ಲಿ ಇನ್ನೊಂದು ಪದ್ಧತಿ ಇತ್ತು. ಬೆಳಿಗ್ಗೆ ಎಂಟಕ್ಕೆ ಆಫೀಸಿಗೆ ಹೊರಡುವಾಗ ಭಾವ ಹಜಾರದ ಫೋನಿನ ಹಿಂದಿನ ವೈರನ್ನು ಬಿಚ್ಚಿ, ಮಡಚಿ, ರಬ್ಬರ್ ಬ್ಯಾಂಡ್ ಹಾಕಿ, ಬ್ರೀಫ್‌ಕೇಸಿನಲ್ಲಿಟ್ಟುಕೊಂಡು ಹೋಗುತ್ತಿದ್ದರು. ಮನೆಯಲ್ಲಿ ಹೆಂಗಸರಿದ್ದರೆ ಇಂಡಿಯಾಕ್ಕೆ ಫೋನ್ ಮಾಡಿ ಬಿಲ್ ಏರಿಸುತ್ತಾರೆ ಎಂಬುದು ಅವರ ವಾದ. ಸಂಜೆ ಏಳಕ್ಕೆ ಬಂದು ಮತ್ತೆ ಸಿಕ್ಕಿಸುವರು. ಓರಗಿತ್ತಿ ಒಂದು ಶಾಲೆಯಲ್ಲಿ ಕೆಲಸ ಮಾಡುತ್ತಿದ್ದರು, ಅವರಿಗೆ ಅದು ಅಭ್ಯಾಸವಾಗಿಹೋಗಿತ್ತು. ಇಡೀ ದಿನ ಮನೆಯಲ್ಲಿರುವವಳು ನಾನೊಬ್ಬಳೇ. ಚಳಿಯಾಗುತ್ತದೆ ಎಂದರೆ "ಸ್ವೆಟರ್ ಹಾಕ್ಕೋ" ಎನ್ನುವರು. ಬಾಲ ಕತ್ತರಿಸಿದ ಆ ಫೋನಿನ ಧೂಳು ಒರೆಸುವುದು ಮಾತ್ರ ನನ್ನ ಕೆಲಸವಾಗಿತ್ತು.

ಮರುವರ್ಷದ ಜನವರಿಯಲ್ಲಿ, ಮೈಸೂರಿನಲ್ಲಿ, ಮಧ್ಯಾಹ್ನದ ಊಟ ಮಾಡಿ ಎದ್ದ ಅಪ್ಪ ಬಿದ್ದರು. ಅಲ್ಲಿ ಎರಡು ಗಂಟೆ ಎಂದರೆ ಲೀಡ್ಸ್‌ನಲ್ಲಿ ಎಂಟೂವರೆ. ವೈರು ಬ್ರೀಫ್‌ಕೇಸಿಗೆ ಹೋಗಿ ಅರ್ಧ ಗಂಟೆಯಾಗಿತ್ತು. ನನ್ನ ಅಣ್ಣ ಆಸ್ಪತ್ರೆಯ ಎದುರಿನ ಎಸ್‌ಟಿಡಿ ಬೂತಿನಿಂದ ರಾತ್ರಿ ಹನ್ನೊಂದಕ್ಕೆ ಅದು ಮುಚ್ಚುವ ತನಕ ಮತ್ತೆ ಮತ್ತೆ ಫೋನ್ ಮಾಡಿದ. ಈ ಕಡೆ ವೈರು ಇಲ್ಲದಿದ್ದರೂ ಆ ಕಡೆಯವರಿಗೆ ರಿಂಗ್ ಆಗುವುದು ಕೇಳಿಸುತ್ತದೆ. ನಾನು ಆ ಒಂಬತ್ತು ಗಂಟೆಯೂ ಫೋನಿನಿಂದ ನಾಲ್ಕು ಹೆಜ್ಜೆ ದೂರದಲ್ಲಿದ್ದೆ. ಅಪ್ಪನಿಗೆ ಜ್ಞಾನವಿತ್ತು. ಅಣ್ಣ ಬೂತಿನಿಂದ ವಾರ್ಡಿಗೆ ಹಿಂತಿರುಗಿದಾಗಲೆಲ್ಲ "ಸಿಕ್ಕಿದ್ಲಾ?" ಎಂದು ಕೇಳಿದರಂತೆ. ಕೊನೆಗೆ, ಸಂಜೆ ಭಾವ ಬಂದು ವೈರು ಸಿಕ್ಕಿಸಿದ ಮೇಲೆ, ಪರಿಚಯದವರ ಮನೆಯ ಫೋನಿನಿಂದ ಮಾಡಿದ ಅಣ್ಣನಿಗೆ ನಾನು ಸಿಕ್ಕಾಗ ಎಲ್ಲ ಮುಗಿದಿತ್ತು. ಅಣ್ಣ ಅಳುತ್ತಾ, "ರಿಂಗ್ ಆಗ್ತಾನೇ ಇತ್ತು ಕಣೇ, ಯಾಕೆ ಯಾರೂ ಎತ್ತಲಿಲ್ಲ?" ಎಂದ.

ಮರುದಿನ ಭಾವ ನನ್ನೆದುರು ಕಾಫಿ ಹಿಡಿದು ಕೂತು ಸಮಾಧಾನ ಹೇಳಿದರು. "ಗೊತ್ತಾಗಿದ್ರೂ ಏನ್ ಮಾಡ್ತಿದ್ದೆ? ನೀನು ಹೋಗೋ ಹೊತ್ತಿಗೆ ಎಲ್ಲ ಮುಗಿದಿರ್ತಿತ್ತು." ತಪ್ಪಾಯಿತು ಎಂಬ ಮಾತು ಅವರ ಬಾಯಿಂದ ಬರಲಿಲ್ಲ. ಎಂಟು ಗಂಟೆಗೆ ಎದ್ದು ವೈರು ಬಿಚ್ಚಿಕೊಂಡು ಆಫೀಸಿಗೆ ಹೋದರು. ಅವತ್ತೂ ಬಿಚ್ಚಿಕೊಂಡು ಹೋದರು. ನಾನು ಆ ಕ್ಷಣದಿಂದ ಅವರನ್ನು ದ್ವೇಷಿಸಿದೆ. ಹಬ್ಬಕ್ಕೆ ಹೋದೆ, ಅವರಿಗೆ ಇಷ್ಟವಾದ ಬಿಸಿಬೇಳೆಬಾತ್ ಮಾಡಿ ಬಡಿಸಿದೆ, ಕಾಲಿಗೂ ಬಿದ್ದೆ. ಆದರೆ ಅವರು ಒಂದು ದಿನ ನನ್ನೆದುರು ಚಳಿಯಲ್ಲಿ ಕೂತು ಏನಾದರೂ ಬೇಡಬೇಕು, ಅದನ್ನು ನಾನು ಕೊಡಬಾರದು ಎಂದು ಒಳಗೊಳಗೇ ಹಲ್ಲು ಕಚ್ಚುತ್ತಿದ್ದೆ.

ಇಂಥವಳ ಕೈಗೆ ಅವರು ಕರೆಂಟು ಕೊಟ್ಟರು.

ಆಸ್ಪತ್ರೆಯ ರೋಟಾದಲ್ಲಿ, ಅಂದರೆ ಪಾಳಿಯ ಪಟ್ಟಿಯಲ್ಲಿ, ಬುಧವಾರ ನನಗೆ ರಜೆ. ವಿದನ್‌ಶಾದ ಅಡುಗೆಮನೆಯಲ್ಲಿ ಕೂತು ಫ್ರಾನ್ಸಿನ ವಿದ್ಯುತ್ ಕಂಪನಿಗೆ ಫೋನ್ ಮಾಡಿದೆ. ತಲೆಯ ಮೇಲೆ ಎರಡು ನಿಮಿಷಕ್ಕೊಂದು ವಿಮಾನ ಹೋಗುತ್ತಿತ್ತು. ಆ ಕಡೆಯ ಹೆಂಗಸು ಪಟಪಟ ಮಾತನಾಡುತ್ತಿದ್ದಳು. ನನಗೋ ಬೆವರು. ಪರೀಕ್ಷೆಗೆ ಕೂತಂತೆಯೇ. ಹೆಸರು ಹೇಳಿ ಎಂದಾಗ ಭಯಕ್ಕೆ ಪಾಸ್‌ಪೋರ್ಟನ್ನು ಎದುರಿಗಿಟ್ಟುಕೊಂಡು, ಮೇಲಿನಿಂದ ಒಂದೊಂದೇ ಅಕ್ಷರ ಓದಿದೆ. ಆಮೇಲೆ ಅವಳು ಕೇಳಿದ್ದು, ಎಷ್ಟು ಶಕ್ತಿಯ ಸಂಪರ್ಕ ಬೇಕು ಎಂದು.

ಈ ಪ್ರಶ್ನೆಗಾಗಿಯೇ ನಾನು ಕಾದಿದ್ದೆ. ಫ್ರಾನ್ಸಿನಲ್ಲಿ ಮನೆಗೆ ಎಷ್ಟು ಕಿಲೋವ್ಯಾಟ್ ಬೇಕೆಂದು ಮೊದಲೇ ಹೇಳಿ ಬರೆಸಿಕೊಳ್ಳಬೇಕು. ಮೂರು, ಆರು, ಒಂಬತ್ತು, ಹೀಗೆ. ಬರೆಸಿದ್ದಕ್ಕಿಂತ ಜಾಸ್ತಿ ಬಳಸಿದರೆ ಮನೆಯ ಮೇನ್ ಸ್ವಿಚ್ಚು ಟಕ್ ಎಂದು ಬಿದ್ದುಹೋಗುತ್ತದೆ. ಖಾತೆ ಯಾರ ಹೆಸರಿನಲ್ಲಿದೆಯೋ ಅವರು ಕೇಳದೆ ಇದನ್ನು ಏರಿಸುವಂತಿಲ್ಲ.

"ಮೂರು" ಎಂದೆ.

ಒಂದು ಬಲ್ಬು, ಒಂದು ಫ್ರಿಜ್ಜು ಇರುವವರು ಮಾತ್ರ ಮೂರು ತೆಗೆದುಕೊಳ್ಳುತ್ತಾರೆ, ಚಳಿಗಾಲದಲ್ಲಿ ಕಷ್ಟವಾಗುತ್ತದೆ ಎಂದು ಅವಳು ನಿಧಾನವಾಗಿ ಬಿಡಿಸಿ ಹೇಳಿದಳು. ಒಳ್ಳೆಯ ಹೆಂಗಸು. ನನಗೆ ಪೂರ್ತಿ ಅರ್ಥವಾಯಿತು. ಮತ್ತೆ ಮೂರು ಎಂದೆ.

ಅಕ್ಟೋಬರಿನಲ್ಲಿ ಓರಗಿತ್ತಿಯ ಶಾಲೆಗೆ ವಾರದ ರಜೆ ಬಂದಾಗ ನಾಲ್ವರೂ ಹೋದೆವು. ಕಲ್ಲಿನ ಗೋಡೆ ಮುಟ್ಟಿದರೆ ಕೈ ಒದ್ದೆಯಾಗುತ್ತಿತ್ತು. ಭಾವ ಲೀಡ್ಸ್‌ನಿಂದ ತಂದಿದ್ದ ಹೀಟರ್ ಹಚ್ಚಿದರು. ಓರಗಿತ್ತಿ ಕಾಫಿಗೆ ನೀರು ಕಾಯಿಸಲು ಕೆಟಲ್ ಒತ್ತಿದರು. ಟಕ್. ಮನೆಯೆಲ್ಲ ಕತ್ತಲು. ಮೇನ್ ಎತ್ತಿದರು. ಮತ್ತೆ ಟಕ್. ಮೂರನೇ ಸಲಕ್ಕೆ ಭಾವ ಟಾರ್ಚ್ ಹಿಡಿದು ನನ್ನ ಹತ್ತಿರ ಬಂದರು. ಸ್ವೆಟರ್ ಹಾಕ್ಕೊಳ್ಳಿ ಭಾವ ಎನ್ನುವ ಮಾತನ್ನು ಮ್ಯಾಂಚೆಸ್ಟರಿನಿಂದಲೂ ನಾಲಿಗೆಯ ತುದಿಯಲ್ಲಿಟ್ಟುಕೊಂಡು ಬಂದಿದ್ದೆ.

"ಎಷ್ಟು ಲೋಡ್ ತಗೊಂಡಿದೀಯ?"

"ಮೂರು."

ಅವರು ಟಾರ್ಚನ್ನು ನನ್ನ ಮುಖಕ್ಕೆ ಬಿಟ್ಟು, ಆಮೇಲೆ ಕೆಳಗಿಳಿಸಿದರು. ಆಗಲೇ ನಾನು ನೋಡಿದ್ದು, ಅವರು ಒಂದರ ಮೇಲೊಂದು ಎರಡು ಸ್ವೆಟರ್ ಹಾಕಿಕೊಂಡಿದ್ದರು.

"ಭೇಷ್" ಎಂದರು. "ಏಳು ವರ್ಷ ಆದ್ಮೇಲೆ ಬುದ್ಧಿ ಬಂತು ನಿಂಗೆ. ನಮ್ಮನೇಲಿದ್ದು ಕಲಿತಿದ್ದು ವೇಸ್ಟ್ ಆಗ್ಲಿಲ್ಲ." ಆಮೇಲೆ ತಮ್ಮನ ಕಡೆ ತಿರುಗಿ, "ನೋಡೋ, ಸಂಸಾರ ಅಂದ್ರೆ ಹೀಗೆ ಮಾಡ್ಬೇಕು" ಎಂದರು.

ನನ್ನ ಮುಖ ಇಂಗು ತಿಂದ ಮಂಗನಂತಾಗಿತ್ತು. ಭಾವನಿಗಂತೂ ಆ ವಾರ ಹಬ್ಬ. ಒಂದು ಹಾಳೆಯಲ್ಲಿ ಗೆರೆ ಹಾಕಿ ರೋಟಾ ಬರೆದು ಫ್ರಿಜ್ಜಿನ ಮೇಲೆ ಅಂಟಿಸಿದರು. ಏಳರಿಂದ ಏಳೂವರೆ ಕೆಟಲ್ಲು. ಏಳೂವರೆಯಿಂದ ಎಂಟೂವರೆ ಹೀಟರು, ಆಗ ಬೇರೇನೂ ಇಲ್ಲ. ಇಸ್ತ್ರಿ ಪೆಟ್ಟಿಗೆ ಶನಿವಾರ ಮಾತ್ರ. ಬಾತ್‌ರೂಮಿನ ಬಾಗಿಲಿನ ಹೊರಗೆ ನಿಂತು "ಗೀಸರ್ ಟೈಮ್ ಆಯ್ತು" ಎಂದು ಕೂಗುವರು. ನಡುಗುತ್ತಿದ್ದವರು ನನ್ನ ಗಂಡ ಮತ್ತು ಓರಗಿತ್ತಿ. ಬುಧವಾರವೋ ಗುರುವಾರವೋ ಓರಗಿತ್ತಿ ಅಡುಗೆಮನೆಯಲ್ಲಿ ಶಾಲು ಹೊದ್ದು ಈರುಳ್ಳಿ ಹೆಚ್ಚುತ್ತಿದ್ದವರು ಕೈ ನಿಲ್ಲಿಸಿ ನನ್ನನ್ನು ನೋಡಿದರು.

"ನೀನೂ ಹಿಂಗೇ ಆದ್ಯಾ?" ಎಂದರು.

ನಾನು, "ಹಾಗಲ್ಲ ಅಕ್ಕ" ಎಂದೆ. ಅವರ ಬೆರಳ ತುದಿ ನೀಲಿಯಾಗಿತ್ತು. ಮೂವತ್ತು ವರ್ಷ ಆ ಮನುಷ್ಯನ ಜೊತೆ ಬಾಳಿದವರಿಗೆ ರಜೆಯ ಮನೆಯಲ್ಲೂ ಅದೇ ಶಿಕ್ಷೆ, ಕೊಟ್ಟವಳು ನಾನು. ನನಗೆ ನಾಚಿಕೆಯಾಯಿತು. ನಾಚಿಕೆಗಿಂತ ಸಿಟ್ಟು ಜಾಸ್ತಿಯಾಯಿತು. ಸೇಡು ತೀರಿಸಿಕೊಳ್ಳಲು ಹೋಗಿ ಆ ಮನುಷ್ಯನ ಶಿಷ್ಯೆಯಾಗಿ ಹಿಂತಿರುಗಿದ್ದೆ.

ಮನೆಗೆ ಬಂದ ಮೊದಲ ಬುಧವಾರವೇ ಫೋನ್ ಮಾಡಿ ಒಂಬತ್ತು ಮಾಡಿಸಿದೆ. ಆ ಹೆಂಗಸಿಗೋ, ಅವಳಂಥ ಇನ್ನೊಬ್ಬಳಿಗೋ, ನನ್ನ ಧ್ವನಿ ಕೇಳಿ ನಗು ಬಂದಿರಬೇಕು.

ಆ ವಾರವೇ ಮೊದಲ ಕರೆಂಟ್ ಬಿಲ್ಲು ವಿದನ್‌ಶಾದ ಮನೆಗೆ ಬಂತು. ಲಕೋಟೆ ನೋಡಿ ನಿಂತಲ್ಲೇ ನಿಂತೆ. ಮದಾಮ್ ಎಂದು ಇತ್ತು, ಅದರ ಮುಂದೆ ನನ್ನ ಹೆಸರಿರಲಿಲ್ಲ, ಗಂಡನ ಮನೆತನದ ಹೆಸರೂ ಇರಲಿಲ್ಲ. ಅಪ್ಪನ ಹೆಸರಿತ್ತು. ಪೂರ್ತಿಯಾಗಿ, ಒಂದಕ್ಷರ ಬಿಡದೆ, ದಪ್ಪ ಅಕ್ಷರದಲ್ಲಿ. ಒಳಗಿನ ಬಿಲ್ಲಿನಲ್ಲಿ ಅದೇ ಹೆಸರಿನ ಕೆಳಗೆ ಬ್ರಿಟನಿಯ ಮನೆಯ ವಿಳಾಸ. ಅವತ್ತು ಭಯದಲ್ಲಿ ಪಾಸ್‌ಪೋರ್ಟ್ ಓದಿದ್ದೆನಲ್ಲ, ಸರ್‌ನೇಮ್ ಎಂಬ ಜಾಗದಲ್ಲಿದ್ದದ್ದನ್ನು ಅವರು ಮನೆತನದ ಹೆಸರು ಎಂದು ತೆಗೆದುಕೊಂಡಿದ್ದರು. ಅವರ ಲೆಕ್ಕದಲ್ಲಿ ಸರಿಯೇ. ಲೀಡ್ಸ್‌ನ ಜಿಪಿಯಲ್ಲಿ ಗೆರೆ ಹೊಡೆಸಿಕೊಂಡ ಮೇಲೆ ಆ ಹೆಸರನ್ನು ನಾನು ಈ ದೇಶದ ಒಂದು ಕಾಗದದಲ್ಲೂ ನೋಡಿರಲಿಲ್ಲ. ಕೌನ್ಸಿಲ್ ಟ್ಯಾಕ್ಸಿನಲ್ಲಿಲ್ಲ, ಮಾರ್ಟ್‌ಗೇಜಿನಲ್ಲಿಲ್ಲ, ಆಸ್ಪತ್ರೆಯ ನನ್ನ ಬ್ಯಾಡ್ಜಿನಲ್ಲೂ ಇಲ್ಲ. ಮೆಟ್ಟಿಲ ಮೇಲೆ ಕೂತು ಅತ್ತೆ. ಆಮೇಲೆ ನಕ್ಕೆ.

ಸರಿ ಮಾಡಿಸುವುದು ಒಂದು ಫೋನಿನ ಕೆಲಸ. ನಾನು ಮಾಡಲಿಲ್ಲ.

ಫ್ರಾನ್ಸಿನಲ್ಲಿ ಕರೆಂಟ್ ಬಿಲ್ಲೆಂದರೆ ಸಾಮಾನ್ಯ ಕಾಗದವಲ್ಲ. ವಿಳಾಸಕ್ಕೆ ಸಾಕ್ಷಿ ಎಂದು ಎಲ್ಲರೂ ಅದನ್ನೇ ಕೇಳುತ್ತಾರೆ. ನೀರಿನವರು ಅದರ ನಕಲು ಕೇಳಿದರು, ನಲ್ಲಿ ಅಪ್ಪನ ಹೆಸರಿಗಾಯಿತು. ಫೋನಿನವರು ಕೇಳಿದರು, ಈಸ್ಟರ್ ರಜೆಯ ಹೊತ್ತಿಗೆ ಬರಬೇಕಿದ್ದ ಲೈನೂ ಅಪ್ಪನ ಹೆಸರಿಗಾಯಿತು. ಅಲ್ಲಿಯ ಅಂಚೆಯವಳು ಪೆಟ್ಟಿಗೆಯ ಮೇಲೆ ಹೆಸರಿಲ್ಲದಿದ್ದರೆ ಕಾಗದ ಹಾಕುವುದಿಲ್ಲವೆಂದು ಗೊತ್ತಾಗಿ ಒಂದು ಪಟ್ಟಿಯನ್ನೂ ಬರೆದಿಟ್ಟುಕೊಂಡೆ. ಮೇಲೆ ಇಂಗ್ಲಿಷ್ ಅಕ್ಷರದಲ್ಲಿ ಅಪ್ಪನ ಹೆಸರು. ಕೆಳಗೆ, ಯಾರು ಕೇಳುತ್ತಾರೆ ಎಂದು, ಕನ್ನಡದಲ್ಲೂ.

ಈಸ್ಟರಿಗೆ ಮತ್ತೆ ನಾಲ್ವರೂ ಹೋದೆವು. ಹೋದ ತಕ್ಷಣ ಹೊರಗಿನ ಪೆಟ್ಟಿಗೆಗೆ ಪಟ್ಟಿ ಅಂಟಿಸಿದೆ. ಒಳಗೆ ಬಂದು ಮೂರು ಕೋಣೆಯ ಹೀಟರನ್ನೂ ಹಚ್ಚಿದೆ, ಕೆಟಲ್ ಒತ್ತಿದೆ, ಫ್ರಿಜ್ಜಿನ ಮೇಲಿದ್ದ ರೋಟಾ ಕಿತ್ತು ಕಸಕ್ಕೆ ಹಾಕಿದೆ. ಮೇನ್ ಸ್ವಿಚ್ಚು ಮಿಸುಕಲಿಲ್ಲ. ಓರಗಿತ್ತಿ ಹೀಟರಿಗೆ ಬೆನ್ನು ಕೊಟ್ಟು ನಿಂತು ಕಣ್ಣು ಮುಚ್ಚಿದರು. ಭಾವ ಸುಸ್ತಾಗುವ ತನಕ ಕೋಣೆಯಿಂದ ಕೋಣೆಗೆ ಹೋಗಿ ಆರಿಸಿದರು. ಅವರ ಹಿಂದೆಯೇ ಹೋಗಿ ನಾನು ಹಚ್ಚಿದೆ.

ಭಾವನ ನಿಜವಾದ ಗುರಿ ಟೀವಿ. ಆ ವಾರ ಕ್ರಿಕೆಟ್ ಇತ್ತು. ಲೀಡ್ಸ್‌ನ ಮನೆಯ ಸ್ಯಾಟಲೈಟ್ ಡಬ್ಬವನ್ನು ಪಂಚೆಯಲ್ಲಿ ಸುತ್ತಿ ಕಾರಿನಲ್ಲಿ ತಂದಿದ್ದರು, ಹೊಸ ಡಿಷ್ಷನ್ನೂ ತಂದಿದ್ದರು. ಹೊರಡುವ ಮೊದಲು ಲೀಡ್ಸ್‌ನ ಗೋಡೆಯ ಮೇಲಿದ್ದ ಡಿಷ್ಷು ಎಷ್ಟು ಡಿಗ್ರಿ ಮೇಲಕ್ಕೆ, ಎಷ್ಟು ಪಕ್ಕಕ್ಕೆ ತಿರುಗಿದೆ ಎಂದು ಕೋನಮಾಪಕ ಹಿಡಿದು ಅಳೆದು ಬರೆದುಕೊಂಡಿದ್ದರು. ಸ್ಟ್ರಕ್ಚರಲ್ ಇಂಜಿನಿಯರು. ಅಳತೆಯಲ್ಲಿ ಕೂದಲೆಳೆಯ ತಪ್ಪಿಲ್ಲ. ಅದನ್ನೇ ಬ್ರಿಟನಿಯ ಗೋಡೆಗೆ ಹಾಗೆ ಹಾಗೆಯೇ ಇಳಿಸಿದರು. ಆಕಾಶದಲ್ಲಿರುವ ಸ್ಯಾಟಲೈಟು ಲೀಡ್ಸ್‌ನಿಂದ ಕಂಡ ಕೋನದಲ್ಲೇ ಬ್ರಿಟನಿಯಿಂದಲೂ ಕಾಣಬೇಕೆಂದು ಅವರು ಯಾಕೆ ಅಂದುಕೊಂಡರೋ. ಎರಡು ದಿನ ಏಣಿಯ ಮೇಲೆ ನಿಂತು, "ಬಂತಾ?" ಎಂದು ಕೂಗಿದರು. ಓರಗಿತ್ತಿ ಕಿಟಕಿಯಿಂದ, "ಇಲ್ಲಾರೀ" ಎಂದು ಕೂಗಿದರು. ಮಧ್ಯೆ ಒಂದು ಸಲ ಜರ್ಮನ್ ಅಡುಗೆ ಕಾರ್ಯಕ್ರಮ ಬಂದು ಹೋಯಿತು.

ಕೊನೆಗೆ ಏಣಿ ಇಳಿದು, ನನ್ನನ್ನು ನೋಡದೆ, "ಯಾರನ್ನಾದ್ರೂ ಕರೆಸಮ್ಮ" ಎಂದರು. ಆ ಮನುಷ್ಯ ನನ್ನ ಹತ್ತಿರ ಏನಾದರೂ ಬೇಡಿದ್ದು ಅದೇ ಮೊದಲು. ನಾನು ಕಾಫಿ ಕುಡಿದು ಮುಗಿಸಿ ಎದ್ದೆ.

ಮರುದಿನ ಬೆಳಿಗ್ಗೆ ಪಕ್ಕದ ಊರಿನ ಡಿಷ್ ರಿಪೇರಿಯವನು ಬಂದ. ಗೇಟಿನ ಪೆಟ್ಟಿಗೆಯ ಮೇಲಿದ್ದ ಹೆಸರು ಓದಿ, ಭಾವನ ಕೈ ಕುಲುಕಿ, ಮೊಸ್ಯೂ ಎಂದು ಹೇಳಿ ಅಪ್ಪನ ಹೆಸರು ಹೇಳಿದ. ಅವನ ನಾಲಿಗೆಯಲ್ಲಿ ಅದು ಸ್ವಲ್ಪ ಬೇರೆಯಾಗಿ ಕೇಳಿತು. ಎರಡು ದಿನವೂ ಏಣಿಯ ಮೇಲೇ ಇದ್ದ ಭಾವ ಪೆಟ್ಟಿಗೆಯ ಕಡೆ ನೋಡಿರಲಿಲ್ಲ, ನಗುತ್ತಾ ತಲೆಯಾಡಿಸಿದರು. ಕಾಲು ಗಂಟೆಯಲ್ಲಿ ಟೀವಿಯಲ್ಲಿ ಹಸಿರು ಮೈದಾನ ಬಂತು. ಅವನು ರಸೀದಿ ಬರೆದು ಸಹಿಗೆಂದು ಭಾವನ ಮುಂದೆ ಹಿಡಿದ. ಭಾವ ಪೆನ್ನು ತೆಗೆದುಕೊಂಡು ಓದಿದರು. ಅಚ್ಚಾದಂತೆ ದುಂಡಗೆ ಬರೆದಿದ್ದ.

ಆ ಹೆಸರು ಅವರಿಗೆ ಗೊತ್ತಿತ್ತು. ಗೆರೆ ಎಳೆದವರು ಅವರೇ ಅಲ್ಲವೇ?

"ಇದೇನಿದು?" ಎಂದರು.

"ಕರೆಂಟು ಆ ಹೆಸರಲ್ಲಿದೆ ಭಾವ. ನೀರೂ ಅದೇ ಹೆಸರಲ್ಲಿದೆ. ಇಲ್ಲಿ ಕರೆಂಟ್ ಯಾರ ಹೆಸರಲ್ಲಿದ್ಯೋ ಅವ್ರನ್ನೇ ಮನೆ ಯಜಮಾನ್ರು ಅನ್ನೋದು."

"ಬದಲಾಯಿಸು."

"ಬದಲಾಯಿಸ್ಬೇಕು ಅಂದ್ರೆ ನಿಮ್ಮ ಹೆಸರಲ್ಲಿ ಒಂದು ವಿಳಾಸದ ಸಾಕ್ಷಿ ಬೇಕು. ಸಾಕ್ಷಿ ಅಂದ್ರೆ ಕರೆಂಟ್ ಬಿಲ್ಲು. ಅದು ಈ ಹೆಸರಲ್ಲಿದೆ."

ಅವರು ತಮ್ಮನ ಕಡೆ ನೋಡಿದರು. ನನ್ನ ಗಂಡ ಟೀವಿಯ ಕಡೆ ನೋಡುತ್ತಿದ್ದರು. ಮನೆಯ ಪತ್ರ ತೋರಿಸಿದರೆ ವಾರದೊಳಗೆ ಎಲ್ಲ ಬದಲಾಗುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಹೇಳಲಿಲ್ಲ. ರಿಪೇರಿಯವನು ಕಾಯುತ್ತಿದ್ದ. "ಇವನಿಗೆ ಹೇಳು, ನಾನು ಅವರಲ್ಲ ಅಂತ" ಎಂದರು ಭಾವ. ನಾನು ಅವನಿಗೆ ಫ್ರೆಂಚಿನಲ್ಲಿ, ಚಿತ್ರ ಬಹಳ ಸ್ಪಷ್ಟವಾಗಿದೆ, ಉಪಕಾರವಾಯಿತು ಎಂದೆ. ಅವನು ನಕ್ಕು, ಬೆರಳಿನಿಂದ ಸಹಿಯ ಜಾಗ ತೋರಿಸಿದ. ಭಾವ ಅಪ್ಪನ ಹೆಸರಿನ ಕೆಳಗೆ ಸಹಿ ಹಾಕಿದರು.

ಆ ವಾರವೆಲ್ಲ ಹಾಗೇ ನಡೆಯಿತು. ಬ್ರೆಡ್ ಅಂಗಡಿಯವಳು ಅವರನ್ನು ಅಪ್ಪನ ಹೆಸರು ಹಿಡಿದು ಮಾತನಾಡಿಸಿದಳು. ಅಂಚೆಯವಳು ಸೈಕಲ್ಲಿನಿಂದಲೇ ಕೈ ಬೀಸಿ ಕರೆದಳು. ಪಕ್ಕದ ತೋಟದ ಮುದುಕ ಬೇಲಿಯ ಮೇಲಿಂದ ಮೊಟ್ಟೆ ಕೊಟ್ಟು, ಅದೇ ಹೆಸರು ಹೇಳಿ, ಬೆನ್ನು ತಟ್ಟಿದ. ಅವರ ಹಿಂದೆ ಚೀಲ ಹಿಡಿದು ನಡೆಯುತ್ತಿದ್ದ ನನಗೆ ಅದೆಷ್ಟು ಖುಷಿಯಾಯಿತೆಂದರೆ, ಆ ಖುಷಿಯನ್ನು ಯಾರಲ್ಲೂ ಹೇಳಿಕೊಳ್ಳಲು ಇವತ್ತಿಗೂ ಸ್ವಲ್ಪ ಸಂಕೋಚ. ಓರಗಿತ್ತಿಗೆ ಮಾತ್ರ ಎಲ್ಲ ಅರ್ಥವಾಗಿತ್ತು. ಒಂದು ದಿನ ಪಾತ್ರೆ ಒರೆಸುತ್ತಾ, "ನಿಮ್ಮಪ್ಪನ ಹೆಸರು ಚೆನ್ನಾಗಿದೆ" ಎಂದಷ್ಟೇ ಹೇಳಿದರು.

ಹೊರಡುವ ಹಿಂದಿನ ದಿನ ಫೋನಿನವರು ಬಂದು ಲೈನ್ ಕೊಟ್ಟು ಹೋದರು. ನಾನು ಫೋನನ್ನು ಟೀವಿಯ ಪಕ್ಕದ ಸ್ಟೂಲಿನ ಮೇಲಿಟ್ಟು, ವೈರನ್ನು ಗೋಡೆಗೆ ಸಿಕ್ಕಿಸಿದೆ. ಸಿಕ್ಕಿಸುವಾಗ ಭಾವ ನೋಡುತ್ತಿದ್ದರು. ಮಧ್ಯಾಹ್ನದ ಊಟವಾದ ಮೇಲೆ ಅವರು ಕ್ರಿಕೆಟ್ ನೋಡುತ್ತಾ ಕೂತಿದ್ದರು, ನಾನು ಸಿಂಕಿನ ಮುಂದೆ ಪಾತ್ರೆ ತೊಳೆಯುತ್ತಿದ್ದೆ. ಆ ಮನೆಯಲ್ಲಿ ಮೊದಲ ಸಲ ಫೋನ್ ಹೊಡೆದುಕೊಂಡಿತು.

ಅವರು ಎತ್ತಲಿಲ್ಲ. ನಾನು ಹೋಗಲಿ ಎಂದು ಕಾಯುತ್ತಿದ್ದರು. ಮೂರು ಸಲ, ನಾಲ್ಕು ಸಲ.

"ತಗೊಳ್ಳಿ ಭಾವ" ಎಂದೆ. "ನನ್ ಕೈ ಒದ್ದೆ."

ಎತ್ತಿ ಕಿವಿಗಿಟ್ಟುಕೊಂಡರು. ಆ ಕಡೆಯಿಂದ ಹೆಣ್ಣು ಧ್ವನಿ. ಅವರ ಮುಖದಲ್ಲಿ ಏನೋ ಬದಲಾಯಿತು. ರಿಸೀವರಿನ ಬಾಯಿಯನ್ನು ಅಂಗೈಯಿಂದ ಮುಚ್ಚಿ, ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ನನ್ನನ್ನು ನೋಡಿದರು. ಎಂಟು ವರ್ಷದಲ್ಲಿ ಅವರು ನನ್ನ ಕಣ್ಣಿಗೆ ಕಣ್ಣಿಟ್ಟು ನೋಡಿದ್ದು ನನಗೆ ನೆನಪಿಲ್ಲ. ಅವತ್ತು ನೋಡಿದರು.

"ನಿಮ್ಮಪ್ಪನ್ನ ಕೇಳ್ತಿದಾರೆ" ಎಂದರು.

ನಾನು ಕೈ ಒರೆಸಿಕೊಂಡೆ. ಒಂದೊಂದೇ ಬೆರಳು. ಅವರು ರಿಸೀವರನ್ನು ನನ್ನ ಕಡೆ ಚಾಚಿ ಹಿಡಿದುಕೊಂಡೇ ಇದ್ದರು. ಮೈಸೂರಿನ ಆಸ್ಪತ್ರೆಯಿಂದ ಬೂತಿಗೂ ಬೂತಿನಿಂದ ಆಸ್ಪತ್ರೆಗೂ ಓಡಾಡಿದ ಅಣ್ಣನನ್ನು ನೆನೆಸಿಕೊಂಡೆ.

"ಸಿಕ್ಕಿದ್ರು ಅನ್ನಿ" ಎಂದೆ.

ಅವರು ರಿಸೀವರನ್ನು ಮತ್ತೆ ಕಿವಿಗೆ ಒಯ್ದರು. ಕೊನೆಗೆ ಅಂಗೈ ತೆಗೆದು, ಆ ವಾರ ಕಲಿತಿದ್ದ ಎರಡೋ ಮೂರೋ ಫ್ರೆಂಚ್ ಮಾತಿನಲ್ಲಿ ಒಂದನ್ನು, "ವೀ", ಅಂದರೆ ಹೌದು, ಎಂದು ಮೆಲ್ಲಗೆ ಹೇಳಿದರು. ಆಮೇಲೆ ನಾನು ರಿಸೀವರ್ ತೆಗೆದುಕೊಂಡೆ. ಹೊಸ ಲೈನಿನಲ್ಲಿ ಸರಿಯಾಗಿ ಕೇಳಿಸುತ್ತಿದೆಯೇ ಎಂದು ವಿಚಾರಿಸಲು ಫೋನ್ ಕಂಪನಿಯವಳು ಮಾಡಿದ್ದ ಕರೆ ಅದು. ಚೆನ್ನಾಗಿ ಕೇಳಿಸುತ್ತಿದೆ ಎಂದು ಹೇಳಿದೆ.